ರಕ್ತಸ್ರಾವ ಇಲ್ಲದಿದ್ದರೂ ಫ್ಯಾಕ್ಟರ್ ಯಾಕೆ?

ಬದಿಯಡ್ಕದಿಂದ ಕೇಳಿದವರಿಗೆ: ನಿಮ್ಮ ಆರು ವರ್ಷದ ಮಗನಿಗೆ ತೀವ್ರ ಹಿಮೋಫಿಲಿಯಾ ಎ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ), ರಕ್ತ ಹೋಗದಿದ್ದಾಗಲೂ ವಾರಕ್ಕೆರಡು ಸಲ ಫ್ಯಾಕ್ಟರ್ 8 ಕೊಡಬೇಕಾ, ದೇಹಕ್ಕೆ ಅಭ್ಯಾಸ ಆಗಿಬಿಡುವುದಿಲ್ಲವಾ ಎಂದು ಕೇಳಿದ್ದೀರಿ.

ಕೊಡಲೇಬೇಕು ಮಾರಾಯ್ರೇ. ಅಭ್ಯಾಸ ಆಗುವ ಔಷಧಿ ಅಲ್ಲ ಅದು. ರಕ್ತ ಹೆಪ್ಪುಗಟ್ಟಲು ಬೇಕಾದ, ಅವನ ರಕ್ತದಲ್ಲಿ ಇಲ್ಲದ ಪ್ರೋಟೀನನ್ನು ಹೊರಗಿನಿಂದ ತುಂಬುವುದು, ಅಷ್ಟೇ. ಕೊಟ್ಟದ್ದು ಸುಮಾರು 8ರಿಂದ 12 ಗಂಟೆಯಲ್ಲಿ ಅರ್ಧಕ್ಕೆ ಇಳಿಯುತ್ತದೆ, ಚಿಕ್ಕ ಮಕ್ಕಳಲ್ಲಿ ಇನ್ನೂ ಬೇಗ, ಅದಕ್ಕೇ ಮತ್ತೆ ಮತ್ತೆ ಚುಚ್ಚುವುದು. ಮೊಣಕಾಲು ಊದಿದ ಮೇಲೆ ನೋಡೋಣ ಎಂದು ಕಾದರೆ, ಕೀಲಿನೊಳಗೆ ಪದೇ ಪದೇ ರಕ್ತ ಸೇರಿ, ಅದರ ಕಬ್ಬಿಣದ ಅಂಶದಿಂದ ಒಳಪೊರೆ ಕೆರಳಿ ದಪ್ಪವಾಗಿ, ಮೂಳೆಯ ತುದಿಯ ಮೆತ್ತನೆ ಪದರ ಸವೆದುಹೋಗುತ್ತದೆ. ಅದು ಮತ್ತೆ ಬೆಳೆಯುವುದಿಲ್ಲ. ಕೊಟ್ಟರೂ ರಕ್ತ ನಿಲ್ಲುತ್ತಿಲ್ಲ ಅನ್ನಿಸಿದರೆ ಇನ್‌ಹಿಬಿಟರ್ ಪರೀಕ್ಷೆ ಕೇಳಿ. ಕೆಲವು ಮಕ್ಕಳ ದೇಹ ಫ್ಯಾಕ್ಟರಿನ ವಿರುದ್ಧವೇ ತಿರುಗಿ ಬಿದ್ದು ಅದನ್ನು ತಡೆಯುವ ಪ್ರತಿಕಾಯ ಮಾಡುತ್ತದೆ, ಅದೇ ಇನ್‌ಹಿಬಿಟರ್.

ನರ ಹುಡುಕುವುದೇ ಕಷ್ಟ ಎಂದಿದ್ದೀರಲ್ವಾ? ಫ್ಯಾಕ್ಟರ್ 8ರ ಕೆಲಸ ಮಾಡುವ ಎಮಿಸಿಝುಮ್ಯಾಬ್ ಎಂಬ ಔಷಧಿ ಬಗ್ಗೆ ವಿಚಾರಿಸಿ. ಅದನ್ನು ಚರ್ಮದಡಿ ಕೊಡುತ್ತಾರೆ, ವಾರಕ್ಕೊಮ್ಮೆಯಿಂದ ನಾಲ್ಕು ವಾರಕ್ಕೊಮ್ಮೆಯವರೆಗೆ. ಮಂಗಳೂರಿನಲ್ಲಿ ತೋರಿಸುತ್ತಿದ್ದರೂ ಹಿಮೋಫಿಲಿಯಾದವರಿಗೆ ಉಚಿತ ಚಿಕಿತ್ಸೆ ಕೊಡುವ ಕೇರಳದ ಆಶಾಧಾರಾ ಯೋಜನೆಗೆ ಸೇರಿಸುವ ವಿಷಯ ಕಾಸರಗೋಡಿನ ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿ, ಸುಮ್ನೆ ಕೈಯಿಂದ ದುಡ್ಡು ಹಾಕಬೇಡಿ.

ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೆನ್ ಬೇಡವೇ ಬೇಡ. ತಲೆಗೆ ಪೆಟ್ಟು ಬಿದ್ದರೆ ಮಗು ಆಟವಾಡುತ್ತಿದ್ದರೂ ಮೊದಲು ಫ್ಯಾಕ್ಟರ್, ಆಮೇಲೆ ಸ್ಕ್ಯಾನ್. ತುರ್ತಿಗೆ ಹತ್ತಿರದಲ್ಲಿ ಎಲ್ಲಿ ಫ್ಯಾಕ್ಟರ್ ಸಿಗುತ್ತದೆ ಎಂದು ಈಗಲೇ ತಿಳಿದುಕೊಂಡು, ಶಾಲೆಯ ಟೀಚರಿಗೂ ಬರೆದು ಕೊಡಿ.