ಟೋಟಲ್ ಲಾಸ್ ಕಾರನ್ನು ಮತ್ತೆ ರಸ್ತೆಗಿಳಿಸಲು
ಹರಾಜಿನಲ್ಲಿ ಕೊಂಡ ಟೋಟಲ್ ಲಾಸ್ ಕಾರು (ರಿಪೇರಿ ಮಾಡಿಸಿದರೆ ಗಿಟ್ಟುವುದಿಲ್ಲ ಅಂತ ಇನ್ಶೂರೆನ್ಸ್ ಕಂಪನಿ ಕೈಬಿಟ್ಟದ್ದು) ರಿಪೇರಿ ಆಗಿದೆ, ಮತ್ತೆ ರಸ್ತೆಗಿಳಿಸುವ ಮುಂಚಿನ ಸರ್ಕಾರಿ ತಪಾಸಣೆಗೆ ಓಡಿಸಿಕೊಂಡೇ ಹೋಗಬಹುದಾ ಅಂತ ಕೇಳಿದ್ದೀರಿ. ಅನುಮತಿ ಪತ್ರ ಇಲ್ಲದೆ ಬೇಡ, ಟೋಯಿಂಗ್ ಮಾಡಿಸಿ. ಅದಕ್ಕೂ ಮೊದಲು ದಾಖಲೆ ನೋಡಿ. 'ಗುಜರಿಗೆ ಮಾತ್ರ' ಅಂತಿದ್ದರೆ ಕಾರು ಎಷ್ಟೇ ಚೆನ್ನಾಗಿದ್ದರೂ ರಸ್ತೆಗೆ ಬಿಡುವುದಿಲ್ಲ.

ಎಷ್ಟೋ ಕಡೆ ತಪಾಸಣೆಯಲ್ಲಿ ರಿಪೇರಿಗಿಂತ ಜಾಸ್ತಿ ನೋಡುವುದು ಬಿಡಿಭಾಗ ಕದ್ದದ್ದಾ ಅನ್ನುವುದನ್ನು. ಹಾಗಾಗಿ ಎಲ್ಲ ಬಿಲ್ ಇಟ್ಟುಕೊಳ್ಳಿ. ಬೇರೆ ಕಾರಿನ ಎಂಜಿನ್, ಬಾಗಿಲು ಹಾಕಿಸಿದ್ದರೆ ಆ ಕಾರಿನ ಚಾಸಿ ನಂಬರ್ ಬಿಲ್‌ನಲ್ಲೇ ಬರೆಸಿ. ರಿಪೇರಿಗೆ ಮುಂಚಿನ ಫೋಟೋಗಳೂ ಇರಲಿ.

ಪಾಸಾದ ಮಾತ್ರಕ್ಕೆ ಕಾರು ಸುರಕ್ಷಿತ ಅಂತಲ್ಲ ಅಲ್ವಾ? ಏರ್‌ಬ್ಯಾಗ್, ಚಾಸಿ ಅಳತೆ ಎರಡನ್ನೂ ಬೇರೊಬ್ಬ ಮೆಕ್ಯಾನಿಕ್‌ಗೆ ತೋರಿಸಿ. ಇನ್ಶೂರೆನ್ಸ್ ಕಂಪನಿಗೂ ಈಗಲೇ ಫೋನ್ ಮಾಡಿ. ಇಂಥ ಕಾರಿಗೆ ಪೂರ್ತಿ ವಿಮೆ ಕೊಡಲು ಕೆಲವರು ಒಪ್ಪುವುದಿಲ್ಲ.