ಕ್ಷಮಿಸಿದ ಮೇಲೆ ಹೋದ ದುಡ್ಡು ಕೇಳಬಹುದಾ?

‘ಮೋಸ ಮಾಡಿದವರನ್ನು ಕ್ಷಮಿಸಿ ಅಂತ ಯೇಸು ಹೇಳಿದ್ದಾರೆ. ಹಾಗಾದ್ರೆ ದುಡ್ಡು ವಾಪಸ್ ಕೇಳೋದು ತಪ್ಪಾ? ಅವರನ್ನ ಮತ್ತೆ ನಂಬಬೇಕಾ?’ ಅಂತ ಕೇಳಿದ್ದೀರಿ.

ಕೇಳೋದು ತಪ್ಪಲ್ಲ. ನಂಬಲೇಬೇಕು ಅಂತಲೂ ಇಲ್ಲ. ನಾನು ಪಾದ್ರಿಯಲ್ಲ, ಚಿಕ್ಕಮಗಳೂರಿನ ಹತ್ತಿರ ನಾಲ್ಕು ಎಕರೆ ಕಾಫಿ ಇಟ್ಟುಕೊಂಡಿರುವ ಕಥೋಲಿಕ. ಇದನ್ನು ಓದಿ ಕಲಿತಿದ್ದಕ್ಕಿಂತ ಪೆಟ್ಟು ತಿಂದು ಕಲಿತಿದ್ದೇ ಜಾಸ್ತಿ.

ಕೆಲವು ವರ್ಷದ ಹಿಂದೆ ಮೆಣಸು ಕೊಯ್ಲಿನ ಹೊತ್ತಿಗೆ ಹುಷಾರಿಲ್ಲದೆ ಮಲಗಿದ್ದೆ. ಗೋಡೌನ್ ಬೀಗದ ಕೈ ಚಿಕ್ಕಪ್ಪನ ಮಗನಿಗೆ ಕೊಟ್ಟೆ. ಎದ್ದು ಬಂದು ನೋಡಿದರೆ ಮೂರು ಮೂಟೆ ಕಮ್ಮಿ. ‘ಒಣಗಿ ತೂಕ ಇಳಿದಿದೆ ಅಣ್ಣ’ ಅಂದ. ತೂಕ ಇಳಿಯುತ್ತೆ, ಸರಿ. ಗೋಣಿಚೀಲಾನೂ ಒಣಗಿ ಹೋಗುತ್ತಾ?

ಎರಡು ವರ್ಷ ಮಾತು ಬಿಟ್ಟೆ. ಚರ್ಚಿನಲ್ಲಿ ಅವನು ಎಡಕ್ಕೆ ಕೂತರೆ ನಾನು ಬಲಕ್ಕೆ. ಯೇಸು ಕಲಿಸಿದ ಪ್ರಾರ್ಥನೆ, ಪರಲೋಕ ಮಂತ್ರದಲ್ಲಿ ತಪ್ಪು ಮಾಡಿದವರನ್ನು ಕ್ಷಮಿಸುವ ಸಾಲು ಬಂದರೆ ನನ್ನ ತುಟಿ ಮಾತ್ರ ಆಡುತ್ತಿತ್ತು. ಈ ಪ್ರಾರ್ಥನೆ ಇರುವ ಬೈಬಲಿನ ಮತ್ತಾಯನ ಪುಸ್ತಕದ ಗ್ರೀಕ್ ಮೂಲದಲ್ಲಿ ಆ ಜಾಗದಲ್ಲಿರುವುದು ‘ಸಾಲ’ ಅನ್ನುವ ಅರ್ಥದ ಪದ. ಅದು ಗೊತ್ತಾದ ಮೇಲೆ ಇನ್ನೂ ಕಷ್ಟವಾಯಿತು, ನನ್ನ ಡೈರಿಯಲ್ಲಿ ಆ ಮೂರು ಮೂಟೆ ರೇಟಿನ ಸಮೇತ ಬರೆದಿಟ್ಟಿದ್ದೆ.

ಮತ್ತಾಯ 18ನೇ ಅಧ್ಯಾಯ ಓದಿ. ಏಳು ಸಲ ಕ್ಷಮಿಸಿದರೆ ಸಾಕಾ ಅಂತ ಶಿಷ್ಯ ಪೇತ್ರ ಕೇಳುತ್ತಾನೆ, ಏಳೆಪ್ಪತ್ತು ಸಲ ಅಂತಾರೆ ಯೇಸು. ಆಮೇಲೆ ಒಂದು ಕಥೆ. ರಾಜನಿಗೆ 10,000 ತಲಾಂತು ಬಾಕಿ ಇಟ್ಟ ಆಳು. ಒಂದು ತಲಾಂತು ಅಂದರೆ ಸುಮಾರು 6,000 ದಿನದ ಕೂಲಿ. ಒಂದು ದಿನವೂ ರಜೆ ಹಾಕದೆ 1,60,000 ವರ್ಷ ದುಡಿದರೂ ತೀರದ ಸಾಲ ಅದು! ರಾಜ ಅಷ್ಟನ್ನೂ ಬಿಟ್ಟ. ಆ ಆಳು ಹೊರಗೆ ಬಂದು, ತನಗೆ 100 ದಿನದ ಕೂಲಿ ಕೊಡಬೇಕಿದ್ದವನ ಕುತ್ತಿಗೆ ಹಿಡಿದ.

ಎಲ್ಲರೂ ಕುತ್ತಿಗೆ ಹಿಡಿದಿದ್ದನ್ನೇ ಹೇಳುತ್ತಾರೆ. ನನಗೆ ಹಿಡಿಸಿದ್ದು ಕಥೆಯ ಶುರು. ರಾಜ ಮೊದಲು ಲೆಕ್ಕ ಕೇಳುತ್ತಾನೆ. ಸಾಲ ಎಷ್ಟು ಅಂತ ಲೆಕ್ಕಕ್ಕೆ ಬಂದು, ಆಳು ಬೇಡಿಕೊಂಡ ಮೇಲೆ ಬಿಡುತ್ತಾನೆ. ಬೈಬಲಿನ ಇನ್ನೊಂದು ಪುಸ್ತಕ ಲೂಕನ 17ನೇ ಅಧ್ಯಾಯದಲ್ಲೂ ಅಷ್ಟೆ: ಸಹೋದರ ತಪ್ಪು ಮಾಡಿದರೆ ಗದರಿಸು, ಪಶ್ಚಾತ್ತಾಪಪಟ್ಟರೆ ಕ್ಷಮಿಸು. ಸುಮ್ನೆ ನುಂಗಿಕೋ ಅಂತ ಇಲ್ಲ. ತೆರಿಗೆ ವಸೂಲಿ ಮಾಡುತ್ತಿದ್ದ ಜಕ್ಕಾಯನಂತೂ ಮೋಸ ಮಾಡಿದ್ದರೆ ನಾಲ್ಕರಷ್ಟು ವಾಪಸ್ ಕೊಡ್ತೀನಿ ಅಂದ, ಬೇಡ ಬಿಡಪ್ಪ ಅಂತ ಯೇಸು ಹೇಳಲಿಲ್ಲ.

ಇದನ್ನೆಲ್ಲ ಅಮ್ಮನ ಮುಂದೆ ಹೇಳಿ, ಡೈರಿ ಹಿಡಿದು ಹೊರಟೆ. ಅವರು ಹುರುಳಿ ಆರಿಸುತ್ತಾ ಕೂತಿದ್ದರು. ತಲೆ ಎತ್ತದೆ ಕೇಳಿದರು: ‘2001ರಲ್ಲಿ ಕಾಫಿ ರೇಟು ಬಿದ್ದಾಗ ನಿನ್ನ ಕಾಲೇಜು ಫೀಸು ಚಿಕ್ಕಪ್ಪ ಕಟ್ಟಿದ್ದು. ಅದನ್ನೂ ಬರ್ಕೊಂಡಿದೀಯಾ?’

ಬರೆದಿರಲಿಲ್ಲ.

ಆದರೂ ಹೋದೆ. ಲೆಕ್ಕ ಇಟ್ಟೆ. ಅರ್ಧ ಗಂಟೆ ಕೂಗಾಟ, ಆಮೇಲೆ ಅವನು ಅತ್ತುಬಿಟ್ಟ. ಎರಡು ಮೂಟೆ ದುಡ್ಡು ಎರಡು ಫಸಲಿನಲ್ಲಿ ತೀರಿಸಿದ. ಮೂರನೆಯದನ್ನು ಚಿಕ್ಕಪ್ಪನ ಲೆಕ್ಕಕ್ಕೆ ಹಾಕಿ ಗೀಟು ಹೊಡೆದುಬಿಟ್ಟೆ. ಈಗ ಊಟ, ಮಾತು ಎಲ್ಲ ಇದೆ. ಬೀಗದ ಕೈ ಮಾತ್ರ ನನ್ನ ಹತ್ತಿರವೇ. ಅವನೂ ಕೇಳಿಲ್ಲ. ಮೆಣಸು ತೂಗುವ ದಿನ ಬರುತ್ತಾನೆ, ತಕ್ಕಡಿ ಮುಂದೆ ಇಬ್ಬರೂ ನಿಂತು ತೂಕವನ್ನು ಜೋರಾಗಿ ಓದುತ್ತೇವೆ.