ಭಾನುವಾರದ ಜಿಮ್, ಬುಧವಾರದ ರಕ್ತ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಬೆಂಗಳೂರಿನಲ್ಲಿ ರಾತ್ರಿ ಪಾಳಿಯಲ್ಲಿ ದುಡಿಯುವ 26ರ ಯುವಕ ವ್ಯಾಯಾಮದ ಸಲಹೆಗೆಂದು ನನ್ನ ಬಳಿ ಬಂದಿದ್ದರು. ಮೇಜಿನ ಮೇಲಿಟ್ಟ ರಕ್ತಪರೀಕ್ಷೆಯ ವರದಿಯಲ್ಲಿ ಎರಡು ಸಾಲುಗಳಿಗೆ ಎಷ್ಟು ಒತ್ತಿ ಗೆರೆ ಎಳೆದಿದ್ದರೆಂದರೆ ಕಾಗದವೇ ಹರಿದಿತ್ತು: ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು) 268, ಎಚ್‌ಡಿಎಲ್ (‘ಒಳ್ಳೆಯ’ ಕೊಲೆಸ್ಟ್ರಾಲ್) 33. ಮೊದಲನೆಯದು 150ರ ಒಳಗಿರಬೇಕು, ಎರಡನೆಯದು ಗಂಡಸರಲ್ಲಿ 40ಕ್ಕಿಂತ ಕೆಳಗಿಳಿಯಬಾರದು. "ತೆಳ್ಳಗಿದ್ದೇನಲ್ಲ ಮೇಡಂ, ನನಗೇಕೆ ಬಂತು?" ಎಂದರು. ತಂದೆಗೆ 49ರಲ್ಲಿ ಹೃದಯಾಘಾತವಾಗಿತ್ತು. ತಾಯಿ ದಿನವೂ ಫೋನಿನಲ್ಲಿ ಅದನ್ನೇ ನೆನಪಿಸುತ್ತಿದ್ದರು.

ಹೆದರಿ ಜಿಮ್ ಸೇರಿದ್ದರು. ಭಾನುವಾರ ಎರಡು ಗಂಟೆ ಬೆವರು, ಸೋಮವಾರ ಮೆಟ್ಟಿಲಿಳಿಯಲಾಗದಷ್ಟು ನೋವು, ಉಳಿದ ದಿನಗಳೆಲ್ಲ ಕುರ್ಚಿ. ತಪ್ಪಿದ ವಾರವೆಲ್ಲ ತಮ್ಮನ್ನು ತಾವೇ ಬೈದುಕೊಳ್ಳುತ್ತಿದ್ದರು. ಸೋಮಾರಿತನ ನನಗೆ ಕಾಣಲಿಲ್ಲ, ಕಂಡದ್ದು ಭಯ.

ಮೊದಲು ವೈದ್ಯರ ಬಳಿ ಕಳುಹಿಸಿದೆ. ಹಿಂದಿನ ಬಾರಿ ತಿಂಡಿ ತಿಂದು ರಕ್ತ ಕೊಟ್ಟಿದ್ದರಂತೆ. ಹನ್ನೆರಡು ಗಂಟೆ ಉಪವಾಸವಿದ್ದು ಕೊಟ್ಟಾಗ ಟ್ರೈಗ್ಲಿಸರೈಡ್ 231 ಬಂತು. ಥೈರಾಯ್ಡ್, ಸಕ್ಕರೆ ಸರಿಯಿದ್ದವು. ಮಾತ್ರೆಯ ತೀರ್ಮಾನ ವೈದ್ಯರದು. ಅವರು ಮೂರು ತಿಂಗಳು ಕಾಯೋಣ ಎಂದರು.

ನಾನು ಬಿಡಿಸಿ ಹೇಳಿದ್ದು ಇಷ್ಟು. ಸ್ನಾಯುಗಳ ಕಿರುರಕ್ತನಾಳಗಳಲ್ಲಿ ಲಿಪೊಪ್ರೋಟೀನ್ ಲೈಪೇಸ್ ಎಂಬ ಕಿಣ್ವವಿದೆ. ರಕ್ತದಲ್ಲಿ ಹರಿಯುವ ಟ್ರೈಗ್ಲಿಸರೈಡನ್ನು ಒಡೆದು ಸ್ನಾಯುವಿಗೆ ಉಣಿಸುವುದು ಅದರ ಕೆಲಸ. ವ್ಯಾಯಾಮದಿಂದ ಅದು ಚುರುಕಾಗುತ್ತದೆ, ಒಂದೆರಡು ದಿನ ಕಳೆದರೆ ಮತ್ತೆ ಮಂದವಾಗುತ್ತದೆ. ಭಾನುವಾರದ ಶ್ರಮ ವ್ಯರ್ಥವಲ್ಲ, ಆದರೆ ಬುಧವಾರದವರೆಗೆ ಬಾಳುವುದಿಲ್ಲ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಕ್ಕೂ ಇದೇ ಮಾತು. ತೂಕ ಇಳಿಯದಿದ್ದರೂ ಈ ಲಾಭ ಸಿಗುತ್ತದೆ. ತೆಳ್ಳಗಿರುವವರಿಗೆ ಇದನ್ನು ಯಾರೂ ಹೇಳುವುದೇ ಇಲ್ಲ.

ಪಾಳಿಗೆ ಹೊರಡುವ ಮುನ್ನ ಅರ್ಧ ಗಂಟೆ ಬಿರುಸಿನ ನಡಿಗೆ, ವಾರಕ್ಕೆ ಐದು ದಿನ. ಮಾತನಾಡಬಹುದು, ಹಾಡಲಾಗದು, ಅಷ್ಟು ವೇಗ ಸಾಕು. ಎರಡು ದಿನ ಬಸ್ಕಿ, ದಂಡ. ಒಂದು ದಿನ ತಪ್ಪಿದರೆ ಮರುದಿನ ದುಪ್ಪಟ್ಟು ಮಾಡಕೂಡದು ಎಂದು ಖಡಾಖಂಡಿತವಾಗಿ ಹೇಳಿದೆ. ಎದೆ ಬಿಗಿದರೆ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ರಾತ್ರಿಯ ಐದು ಲೋಟ ಸಿಹಿ ಚಹಾ ಎರಡಕ್ಕಿಳಿಯಿತು. ವಾರಾಂತ್ಯದ ಬಿಯರ್ ಬಿಡಲು ಚೌಕಾಸಿ ನಡೆಯಿತು. ಮದ್ಯವೂ ಟ್ರೈಗ್ಲಿಸರೈಡ್ ಏರಿಸುತ್ತದೆಂದಾಗ ಒಪ್ಪಿದರು. ತಾಯಿಯೊಡನೆಯೂ ಮಾತನಾಡಿದೆ: ಫೋನಿನಲ್ಲಿ ಅಪ್ಪನ ಆಸ್ಪತ್ರೆಯ ಸುದ್ದಿ ಬೇಡ.

ಮೂರು ತಿಂಗಳಿಗೆ ಟ್ರೈಗ್ಲಿಸರೈಡ್ 164. ತೂಕ ಅಷ್ಟೇ, ಎಲ್‌ಡಿಎಲ್ (‘ಕೆಟ್ಟ’ ಕೊಲೆಸ್ಟ್ರಾಲ್) ಕೂಡ ಹೆಚ್ಚುಕಡಿಮೆ ಅಷ್ಟೇ. ವ್ಯಾಯಾಮವೊಂದರಿಂದಲೇ ಎಲ್‌ಡಿಎಲ್ ಬಹಳ ಇಳಿಯುವುದಿಲ್ಲ. ಎಚ್‌ಡಿಎಲ್ 35ಕ್ಕೆ ನಿಂತದ್ದಕ್ಕೆ ಮುಖ ಸಪ್ಪಗಾಗಿತ್ತು. ಅದು ಏರುವುದು ನಿಧಾನ, ಏರಿದರೂ ಸ್ವಲ್ಪವೇ ಎಂದೆ. ತಂದೆಯ ಇತಿಹಾಸವಿರುವುದರಿಂದ ವೈದ್ಯರು ಆರು ತಿಂಗಳ ನಂತರ ಮತ್ತೆ ಬರಹೇಳಿದ್ದಾರೆ.